ಓಕ್ ಮರಗಳ ನೆರಳುಬಲೆಯ ಹೊರಗೆ

ಈ ಕೊಲ್ಲಿ ನಾಡಿನಲ್ಲಿ, ಅಲ್ ಮನ್ಸೂರಾದ ಈ ಸಭಾಂಗಣದಲ್ಲಿ ನೆರೆದಿರುವ ಮಹನೀಯರೇ, ತಾಯಂದಿರೇ. ತಮ್ಮನ ಪಾರ್ಥಿವ ಶರೀರವನ್ನು ಊರಿಗೆ ಒಯ್ಯಲು ಅನಿಲ ಸ್ಥಾವರದಿಂದ ರಜೆ ಪಡೆದು ಬಂದಿರುವ ಅಗ್ರಜ ಗುರುಪಾದಪ್ಪನವರೇ — ತಮಗೆ ನನ್ನ ನಮಸ್ಕಾರ.

ದಿವಂಗತ ಬಸವಲಿಂಗ ನಮ್ಮ ತೋಟಗಾರಿಕೆ ಕಂಪನಿಯ ಮೇಸ್ತ್ರಿ, ನಾನು ಮೇಲ್ವಿಚಾರಕ. ಅಗಲಿದವರನ್ನು ಹೊಗಳುವುದು ಸಂಪ್ರದಾಯ. ಆದರೆ ಈಶ್ವರಸಾಕ್ಷಿಯಾಗಿ, ಹೊಗಳಿಕೆಯ ಮರೆಯಲ್ಲಿ ನಾನಿಂದು ಅಡಗಲಾರೆ.

ಎರಡು ಸಾವಿರದ ಐದನೆಯ ಇಸವಿಯ ಕೊನೆಗೆ, ಇಲ್ಲಿನ ಮುಐದರ್ ಬಡಾವಣೆಯ ಒಂದು ವಿಲ್ಲಾಕ್ಕೆ ಹನ್ನೆರಡು ಓಕ್ ಮರಗಳನ್ನು ತರಲು ಅವನನ್ನು ತುರ್ಕಿಯ ಬೆಟ್ಟಗಳಿಗೆ ಕಳುಹಿಸಿದೆವು. ಹಿಂದಿರುಗಿ ಬಂದು ಹೇಳಿದ — "ಸರ, ಓಕ್ ಅಲ್ಲಿ ಒಂಟಿ ನಿಂದರೂದಿಲ್ರಿ. ಪೈನು, ಮೇಪಲ್, ಎಲ್ಲಾ ಒಂದ ಮನ್ಯಾಗ ಇದ್ದಂಗ. ಎಲ್ಲಾರ ಎಲಿ ಬಿದ್ದು ಬಿದ್ದು ನೆಲ ಹಾಸಿಗಿ ಆಗೇತಿ. ತುಳದ್ರ ಬೇರು ಉಸಿರು ಕಟ್ಟತಾವ."

ಆ ಮಿಶ್ರವನವನ್ನು ಮರಳಿನಲ್ಲಿ ಸೃಷ್ಟಿಸುವುದು ನಮ್ಮಿಂದಾಗದು. ಆದ್ದರಿಂದ ಅವನೇ ಬುಡಕ್ಕೆ ಎಲೆಗೊಬ್ಬರ ಹಾಸಿದ. ಮೇಲೆ ನೆರಳುಬಲೆ ಕಟ್ಟಿಸಿದ. ನಿಯಮವನ್ನೂ ಮಾಡಿದ — ಬಲೆಯೊಳಗೆ ಯಾರೂ ಕಾಲಿಡಕೂಡದು.

ಕಳೆದ ಗುರುವಾರ ಮಧ್ಯಾಹ್ನ, ನಲವತ್ತೆಂಟು ಡಿಗ್ರಿ. ವಿಲ್ಲಾದ ಹಿಂದಿನ ಆ ಬಯಲಿನಲ್ಲಿ ನೆರಳೆಂಬುದು ಆ ಬಲೆಯೊಂದೇ. ಬಸವಲಿಂಗ ನನ್ನ ಜೀಪಿನ ಬಳಿ ಬಂದ. ಕಿಟಕಿಯನ್ನು ನಾನು ಇಷ್ಟೇ — ನಾಲ್ಕು ಬೆರಳು — ಇಳಿಸಿದೆ.

"ಸರ, ತಲಿ ತಿರಗಾಕ ಹತ್ತೇತಿ. ಬಲೀ ಒಳಗ ಒಂದೀಟು ಕುಂದರ್ಲೇನ್ರಿ?"

ಚಾಲಕ ಲ್ಯಾನ್ಸ್‌ಲಾಟ್ ನಕ್ಕರು. "ಕಾನೂನು ಮಾಡಿದವನೇ ಮುರಿದ್ರೆ ಹೇಗೆ ಮಾರಾಯ? ಯಲ್ಲಾ, ಹೋಗು."

ಲ್ಯಾನ್ಸ್‌ಲಾಟ್, ತಾವು ಹಿಂದಿನ ಸಾಲಿನಲ್ಲಿದ್ದೀರಿ. ತಾವೊಬ್ಬರೇ ತಲೆ ತಗ್ಗಿಸಬೇಡಿ — ನಾನೂ ನಕ್ಕೆ. "ನಿನ್ನದೇ ನಿಯಮವಯ್ಯಾ" ಎಂದು ಗಾಜು ಏರಿಸಿದೆ. ಜೀಪಿನ ಹಿಂದಿನ ಸೀಟು ಖಾಲಿಯಿತ್ತು. ಹೌದು — ತಂಪಾಗಿತ್ತು, ಖಾಲಿಯಿತ್ತು.

ಅವನು ತಿರುಗಿ ನಡೆದ. ಬಲೆಯ ಅಂಚಿನವರೆಗೆ ಹೋದ. ಒಳಗೆ ಹೋಗಲಿಲ್ಲ. ಹೊರಗೇ ಕುಸಿದ. ಮತ್ತೆ ಏಳಲಿಲ್ಲ.

ಕಚೇರಿಗೆ ಫೋನ್ ಮಾಡಿದೆ. "ಮೇಸ್ತ್ರಿ ಹೋದ" ಎಂದೆ. ಅತ್ತಲಿಂದ ಒಂದೇ ಪ್ರಶ್ನೆ — "ಮರಗಳು?" ನಾನು ಹೇಳಿದ್ದು — "ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ. ಒಂದು ಎಲೆಯೂ ಬಾಡಿಲ್ಲ."

ನಲವತ್ತು ವರ್ಷ ತಪ್ಪದೆ ಸಂಧ್ಯಾವಂದನೆ ಮಾಡಿದ ಕೈ ಇದು — ನೋಡಿ. ಗಾಜು ಏರಿಸಿದ್ದೂ ಇದೇ.

ಗುರುಪಾದಪ್ಪನವರೇ, ಕ್ಷಮೆ ಬೇಡುವ ಅರ್ಹತೆ ನನಗಿಲ್ಲ, ಬೇಡುವುದಿಲ್ಲ. ಸಭಿಕರೇ, ದಯವಿಟ್ಟು ಎಲ್ಲರೂ ಎದ್ದು ಮೌನವಾಗಿ ನಿಲ್ಲಿ. ಗಡಿಯಾರ ನೋಡುವುದು ಬೇಡ. ಯಾವಾಗ ಕುಳಿತುಕೊಳ್ಳಬೇಕೆಂಬುದನ್ನು ಅವನ ಅಣ್ಣ ಹೇಳಲಿ. ಅವರು ಹೇಳದಿದ್ದರೆ — ನಿಂತೇ ಇರೋಣ.