ಹಿರಿಯರ ಜಾಗ

ದೀಪ ಸ್ವಲ್ಪ ಸಣ್ಣದು ಮಾಡು. ಚಹಾ ಆಮೇಲೆ ಕುಡಿಯೋಣ... ಇದು ಯಾರೋ ಕಟ್ಟಿ ಹೇಳಿದ ಕತೆ ಅಲ್ಲ. ನನ್ನ ಸೋದರತ್ತೆ ಮಗ ಝಾನ್ಯಾರ್‌ಗೆ ಆದದ್ದು. ಹೋದ ಚಳಿಗಾಲ.

ಹೊತ್ತು ಮುಳುಗಿತ್ತು. ಗಡಿಯಾಚೆಯಿಂದ ಕೂಲಿಗೆ ಸರಕಿನ ಹೊರೆ ಬೆನ್ನ ಮೇಲೆ ಹೊತ್ತು, ನಮ್ಮ ಹವ್ರಾಮಾನ್ ಬೆಟ್ಟದ ನೆತ್ತಿ ಹಿಡಿದು ಮನೆಗೆ ಬರ್ತಿದ್ದ. ಒಬ್ಬನೇ. ಮೊದಲು ಅಣ್ಣ ಬೆಹ್ರೋಜ್ ಜೊತೆಗಿರ್ತಿದ್ದ. ಅದರ ಹಿಂದಿನ ವರ್ಷ ಅದೇ ನೆತ್ತಿಯಿಂದ ಹೊರೆ ಸಮೇತ ಬಿದ್ದು ಸತ್ತ.

ಹೇಗೆ ಬಿದ್ದ ಅಂತ ಹೇಳ್ತೀನಿ. ಬೆಟ್ಟದ ಅಂಚಲ್ಲಿ ಗಾಳಿ ಹಿಮವನ್ನ ತಳ್ಳಿ ತಳ್ಳಿ ಕಣಿವೆ ಮೇಲಕ್ಕೆ ಚಾಚಿಬಿಡುತ್ತೆ, ಮನೆ ಸೂರು ಚಾಚಿದ ಹಾಗೆ. ನಾವು ಅದನ್ನ ಗಾಳಿಸೂರು ಅಂತೀವಿ. ಮೇಲೆ ನೋಡಿದರೆ ಸಾರಿಸಿದ ಮಾಳಿಗೆಯಷ್ಟು ನುಣುಪು. ಅದರ ಕೆಳಗೆ... ಏನೂ ಇಲ್ಲ. ಅವತ್ತು ಮಂಜು ಕವಿದು ಅಂಚು ಎಲ್ಲಿ ಅಂತಲೇ ಕಾಣ್ತಿರಲಿಲ್ಲ. ನಮ್ಮಲ್ಲಿ ಒಳ್ಳೆ ದಾರಿ ಹಿರಿಯರಿಗೆ, ಕಲ್ಲುದಾರಿ ಕಿರಿಯರಿಗೆ. ಹುಟ್ಟಿದಾಗಿಂದ ಕಲಿತದ್ದು.

"ಅಣ್ಣಾ, ಆ ಕಡೆ ನುಣುಪಾಗಿದೆ. ನೀನು ಅಲ್ಲಿ ನಡಿ," ಅಂದ ಝಾನ್ಯಾರ್.

"ಅಬ್ಬಾ, ಗಡ್ಡ ಬಂದ ಮೇಲೆ ಬುದ್ಧೀನೂ ಬಂತು ನೋಡು ನಿಂಗೆ!" ಬೆಹ್ರೋಜ್ ನಕ್ಕೊಂಡು ಆ ಕಡೆ ಸರಿದ.

ಧೊಂಯ್... ಒಂದೇ ಸದ್ದು. ಆಮೇಲೆ ಅಲ್ಲಿ ಅಣ್ಣನೂ ಇಲ್ಲ, ನೆಲವೂ ಇಲ್ಲ.

ಮರ್ಯಾದೆ ಕೊಟ್ಟೇ ಕೊಂದೆ ಅಂತ ವರ್ಷವಿಡೀ ಕೊರಗಿದ ಹುಡುಗ. ಮುಂದಿಟ್ಟ ರೊಟ್ಟಿ ಹಾಗೇ ಒಣಗ್ತಿತ್ತು.

ಈಗ ಮತ್ತೆ ಅದೇ ಜಾಗ, ಅದೇ ಮಂಜು. ಝಾನ್ಯಾರ್ ಕಲ್ಲಿನ ಮೇಲೆ ನಡೀತಿದ್ದಾನೆ. ಕರ್... ಕರ್... ಅದು ಅವನ ಹೆಜ್ಜೆ. ಪಕ್ಕದಲ್ಲಿ ಇನ್ನೊಂದು. ಧಪ್... ಧಪ್... ಟೊಳ್ಳು ಹಲಗೆ ಮೇಲೆ ನಡೆದ ಹಾಗೆ. ಇವನು ನಿಂತ. ಅದೂ ನಿಂತಿತು. ಆಮೇಲೆ ಕೆಮ್ಮು. ಎರಡು ಸಲ ಸಣ್ಣಗೆ, ಮೂರನೆಯದು ಎದೆಯಾಳದಿಂದ. ಬೆಹ್ರೋಜನ ಕೆಮ್ಮು ಅದು, ನಮಗೆಲ್ಲ ಗೊತ್ತು.

"ಅಣ್ಣಾ...?"

"ಮೆತ್ತಗೆ. ಹಿಮ ಕೇಳಿಸ್ಕೊಳ್ಳುತ್ತೆ."

ಹೆದರಿಕೆ ಆಗಲಿಲ್ಲವಂತೆ. ಅಳು ಬಂತಂತೆ.

"ನೀನು ಈ ಕಡೆ ಬಾ ಅಣ್ಣಾ. ಕಲ್ಲಾದರೂ ನೆಲ ಇದೆ ಇಲ್ಲಿ. ನಾನು ಆ ಕಡೆ ಬರ್ತೀನಿ... ಅವತ್ತೇ ಬರಬೇಕಿತ್ತು."

ಅಂದವನೇ ಒಂದು ಕಾಲು ಎತ್ತಿ ಆ ಕಡೆ ಇಟ್ಟ. ಹಿಮ ಕಿರ್ರ್ ಅಂತು.

"ಲೋ ಕತ್ತೆ!" ಪಿಸುಮಾತೇ, ಆದರೆ ಗದರಿದ ಹಾಗೆ. "ಹಿರಿಯರ ಜಾಗಕ್ಕೆ ಬರ್ತೀಯಾ? ಅಮ್ಮ ಇದನ್ನೇನಾ ಕಲಿಸಿದ್ದು?"

ಝಾನ್ಯಾರ್ ಕಾಲು ಹಿಂದಕ್ಕೆ ತಗೊಂಡ.

"ತಪ್ಪಾಯ್ತು ಅಣ್ಣಾ... ಅವತ್ತಿಂದೂ..."

"ಎಡವೀಯ. ಕಲ್ಲು ನೋಡ್ಕೊಂಡು ನಡಿ."

ಅಷ್ಟೇ ಮಾತು. ಇಳಿಜಾರು ಸಿಗುವವರೆಗೂ ಪಕ್ಕದಲ್ಲಿ ಧಪ್... ಧಪ್... ಊರ ಬುಗ್ಗೆ ಹತ್ತಿರ, ಅಕ್ರೋಟದ ಮರದ ಕೆಳಗೆ ಬಂದಾಗ ಅವನೊಬ್ಬನೇ. ನಾನು ಅಲ್ಲೇ ನೀರು ಹಿಡೀತಿದ್ದೆ. ಅವನು ಕೂತು ಅತ್ತದ್ದು ನೋಡಿದ್ದೀನಿ.

ಬೆಳಿಗ್ಗೆ ನಾವು ಮೇಲೆ ಹತ್ತಿದೆವು. ಕಲ್ಲಿನ ಕಡೆ ಝಾನ್ಯಾರ್‌ನ ಹೆಜ್ಜೆಸಾಲು. ಗಾಳಿಸೂರಿನ ಮೇಲೆ ಉದ್ದಕ್ಕೂ ಇನ್ನೊಂದು ಸಾಲು, ಮೊಣಕಾಲಾಳ ಹೂತ ಹೆಜ್ಜೆಗಳು. ಅದು ಹೊರೆ ಹೊತ್ತವನ ಹೆಜ್ಜೆ ಅಂತ ನಮ್ಮೂರಿನ ಮಕ್ಕಳೂ ಹೇಳ್ತಾರೆ.

ಕೆಳಗೆ ಬಂದು ಆ ಅಣ್ಣತಮ್ಮಂದಿರ ತಾಯಿ ಖಾವರ್ ಅತ್ತೆಗೆ ಎಲ್ಲ ಹೇಳಿದೆವು. ಅತ್ತೆ ಬೇರೇನೂ ಕೇಳಲಿಲ್ಲ.

"ಇನ್ನೂ ಹೊರೆ ಇಳಿಸಿಲ್ವೇನೋ ನನ್ನ ಕಂದ?"

ನಂಬೋದಾದರೆ ನಂಬಿ, ಇಲ್ಲದಿದ್ದರೆ ಬಿಡಿ. ನಾನೇ ಕಣ್ಣಾರೆ ಕಂಡದ್ದು. ಅಷ್ಟು ಭಾರ ಆ ಗಾಳಿಸೂರಿನ ಮೇಲೆ ನಡೆದುಹೋಗಿತ್ತು... ಹಿಮದಲ್ಲಿ ಒಂದು ಬಿರುಕೂ ಇರಲಿಲ್ಲ.