ಹಳಿಯಾಚೆ ಅವ್ವ

…ನಗ್ಬೇಡ್ವೋ. ಹೊರಗಿಂದ ಬಂದ್ರೆ ಕಾಲು ತೊಳ್ಕೊ ಅಂತ ತಾತ ದಿನಾ ವಟಗುಟ್ತಾನೆ ಅಂತೀಯಲ್ಲ, ಕೂತ್ಕೋ, ಹೇಳ್ತೀನಿ. ನಾನಾಗ ಹೊಸಾ ದನದ ಡಾಕ್ಟ್ರು, ಕುಣಿಗಲ್‌ನಲ್ಲಿ... ಅಲ್ಲ ಅಲ್ಲ, ಕುಣಿಗಲ್ ಆಮೇಲೆ, ಅರವತ್ತನೇ ಇಸ್ವಿ ದಾಟಿದ ಮೇಲೆ. ಇದು ಐವತ್ತರ ಕಡೆ, ಗುಬ್ಬೀಲಿ. ಆ ವರ್ಷ ಸುತ್ತ ಹಳ್ಳೀಲೆಲ್ಲ ದನಕ್ಕೆ ಕಾಲುಬಾಯಿ ಜ್ವರ. ನಾಲಿಗೆ ಮೇಲೆ ಬೊಕ್ಕೆ, ಗೊರಸಲ್ಲಿ ಹುಣ್ಣು. ದೊಡ್ಡ ದನ ಹೆಂಗೋ ಬದುಕ್ತಾವೆ, ಎಳೆಗರು ನಿಂತಂಗೇ ಬಿದ್ದು ಸಾಯ್ತಾವೆ. ನನ್ನ ಕೆಲಸ ಏನಪ್ಪಾ ಅಂದ್ರೆ, ಆ ಬೊಕ್ಕೆ ಸಿಪ್ಪೆ ಬಿಡಿಸಿ ಸೀಸೆಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳ್ಸೋದು, ರೋಗ ಯಾವ ಥರದ್ದು ಅಂತ ಪತ್ತೆ ಮಾಡೋಕೆ. ಆ ರೋಗ ಇದೆಯಲ್ಲ, ಮನುಷ್ಯನ ಬಟ್ಟೆಗೆ, ಮೆಟ್ಟಿಗೆ ಅಂಟ್ಕೊಂಡು ಮುಂದಿನ ಊರಿಗೆ ಹೋಗುತ್ತೆ. ಬಟ್ಟೆ ಒಗೆಯೋ ಸೋಡಾ ನೀರಲ್ಲಿ ಕೈಕಾಲು ಎಷ್ಟು ಉಜ್ಜಿದ್ರೂ ನಂಗೇ ನಂಬಿಕೆ ಇಲ್ಲ. ನಮ್ಮೂರು ನಿಟ್ಟೂರು, ಗುಬ್ಬಿ ಪಕ್ಕದಲ್ಲೇ, ಸೈಕಲ್ ತುಳಿದ್ರೆ ಮುಗೀತು. ಮನೇಲಿ ಅವ್ವ ಒಬ್ಳೇ, ಜೊತೆಗೊಂದು ಹಸ, ಅದರ ಕರು. ಹೆಂಗೆ ಹೋಗ್ಲಿ ಹೇಳು? ಅವ್ವಂಗೆ ವಿಷಯ ಹೇಳಿ ಕಳಿಸಿದೆ, ನಾನು ಹೋಗ್ಲಿಲ್ಲ. ತಿಂಗಳುಗಟ್ಲೆ ಹೋಗ್ಲಿಲ್ಲ ಕಣೋ. ಊರೋರು, ಕೆಲಸ ಸಿಕ್ಕಿದ್ದೇ ತಡ ಹೆತ್ತವ್ವನ್ನ ಮರ್ತ ಅಂತ ಆಡ್ಕೊಂಡ್ರು. ಗುಬ್ಬೀಲಿ ಸಂಜೆ ರೂಮಿಗೆ ಬಂದ್ರೆ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ಸೀಸೆ ಜೊತೆ ಮಾತಾಡ್ತಿದ್ದೆ, ಅಷ್ಟು ಬೇಜಾರು.

ಯುಗಾದಿ ದಿನ ಅವ್ವ ಹೇಳಿ ಕಳಿಸಿದ್ಲು, ರೈಲು ಹಳಿ ಹತ್ರ ಬಾ ಅಂತ. ನಾನು ಹಳಿ ಈಚೆ, ಅವಳು ಆಚೆ. ಒಬ್ಬಟ್ಟನ್ನ ಮುತ್ತುಗದೆಲೇಲಿ ಕಟ್ಟಿದ್ಲು. ಪಾತ್ರೆ ವಾಪಸ್ ಹೋಗೋ ಹಂಗಿಲ್ವಲ್ಲ, ಅವಳೇ ಯೋಚಿಸಿದ್ದು. ಕಲ್ಲಿನ ಮೇಲಿಟ್ಟು ಹಿಂದಕ್ಕೆ ಹೋಗಿ ನಿಂತ್ಲು. ಆಮೇಲೆ ಅಲ್ಲಿಂದ್ಲೇ ಕೂಗಿದ್ಲು, “ಹಸಾನೂ ಕರೂನೂ ತುಮಕೂರಾಚೆ ನಿಮ್ಮತ್ತೆ ಊರಿಗೆ ಹೊಡ್ಸಿಬಿಟ್ಟೆ ಕಣ್ಲಾ. ಕೊಟ್ಟಿಗೆ ಖಾಲಿ. ಇನ್ನಾದ್ರೂ ಮನೆಗೆ ಬಾ.”

“ಪಕ್ಕದ್ಮನೇಲಿ ಎತ್ತು ಅವಲ್ಲವ್ವಾ” ಅಂದೆ.

ಅವಳು ಒಬ್ಬಟ್ಟಿನ ಕಡೆ ಕೈ ತೋರಿಸಿದ್ಲು. “ಹಂಗಾರೆ ಅಲ್ಲೇ ಕೂತ್ಕೊಂಡು ತಿನ್ನು, ನೋಡ್ತೀನಿ.”

ತಿಂದೆ. ಅವಳು ಬಾಯಿಗೆ ಸೆರಗಿಟ್ಕೊಂಡು ನೋಡ್ತಾ ನಿಂತ್ಲು. ಆ ವರ್ಷ ನಮ್ಮೂರಿಗೆ ರೋಗ ಬರ್ಲೇ ಇಲ್ಲ. ಊರೋರು ಎಲ್ಲಾ ಊರಮ್ಮನ ಕೃಪೆ ಅಂದ್ರು. ಇರ್ಲಿ ಬುಡು, ಬರದೇ ಇರೋ ರೋಗಕ್ಕೆ ಯಾರು ತಾನೆ ಡಾಕ್ಟ್ರನ್ನ ನೆನೀತಾರೆ. ರೋಗ ಪೂರ್ತಿ ಅಡಗಿದ ಮೇಲೆ ಮನೆಗೆ ಹೋದೆ. ಅವ್ವ ಬಾಗಿಲಲ್ಲೇ ಚೊಂಬು ಹಿಡ್ಕೊಂಡು ನಿಂತಿದ್ಲು, ಬೇಡ ಬೇಡ ಅಂದ್ರೂ ಕೇಳ್ದೆ ತಾನೇ ಬಗ್ಗಿ ನನ್ನ ಕಾಲು ತೊಳೆದ್ಲು. ನಿಂಗಾದ್ರೆ ಈಗ ಮನೆಯೊಳಕ್ಕೆ ಬರೋಕೆ ಒಂದು ಚೊಂಬು ನೀರು ಸಾಕು ಕಣೋ. ಎದ್ದೇಳು, ತೊಳ್ಕೊಂಡು ಬಾ.