ಗಾಳಿಗೆ ಎಸೆದ ಚೆಂಡು

ಕೈಯಲ್ಲಿ ಚೆಂಡು ಎಸೆದು, ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನಲ್ಲಿ ನಮ್ಮ ಕಾಲೇಜು ಮತ್ತೆ ಸೋತಿದ್ದ ಸಂಜೆ. ಕೆನಡಾ ಗಡಿಗೆ ಹತ್ತಿರದ ಡಕೋಟದ ನಮ್ಮೂರ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕಾಫಿಗೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ತಂಡದ ಕೋಚ್ ಲೊವೆಲ್, ಅವರ ಮುಂದೆ ಗೋಧಿ ಬೆಳೆಯುವ ಡುವೇನ್.

“ಏನ್ ಕೋಚ್, ಎಸೆದ ಚೆಂಡೆಲ್ಲ ಕೆನಡಾಕ್ಕೇ ಹೋಯ್ತಲ್ಲ?”

“ಗಾಯದ ಮೇಲೆ ಬರೆ ಎಳೀಬೇಡ ಮಾರಾಯ. ಈ ಗಾಳೀಲಿ ಯಾರ್ ಎಸೀತಾರೆ?”

“ಎಸೆಯೋರನ್ನ ಫ್ಲಾರಿಡಾದಿಂದ ಕರ್ಕೊಂಡ್ ಬಂದಿದ್ದು ನೀವೇ ಅಲ್ವಾ?”

“ನಾನೇ. ಅಲ್ಲಿನ ಬಿಸಿಲಲ್ಲಿ ಅವರ ಕೈಚಳಕ ನೋಡಿ ಮರುಳಾದೆ. ಇಲ್ಲಿ ಚಳಿಗೆ ಆ ಕೈಯೇ ಮರಗಟ್ಟುತ್ತೆ.”

“ಮುಂಚೆ ನಮ್ಮ ಹೊಲದ ಹುಡುಗ್ರೇ ಆಡೋರು. ಚೆಂಡು ಅವುಚ್ಕೊಂಡು, ತಲೆ ತಗ್ಗಿಸಿ ನುಗ್ಗೋರು. ಗಾಳಿ ಏನ್ ಮಾಡ್ತಿತ್ತು?”

“ನಿನ್ ಮಗನ್ನ ಬೇಡ ಅಂದಿದ್ದು ತಪ್ಪಾಯ್ತು, ಡುವೇನ್.”

“ಎತ್ತಿನ ಥರ ನಿಧಾನ ಅಂದ್ರಿ.”

“ಅಂದೆ. ಇವತ್ತು ಆ ಎತ್ತೇ ಎದುರು ತಂಡದಿಂದ ಬಂದು ನಮ್ಮನ್ನ ತುಳೀತು. ನಿಂಗಾದ್ರೂ ಖುಷಿಯಾಗಿರ್ಬೇಕು.”

ಡುವೇನ್ ಕಾಫಿ ಎತ್ತಿಕೊಂಡ.

“ಮೈದಾನದಲ್ಲಿ ನಮ್ಮಪ್ಪ ಕೂರ್ತಿದ್ದ ಜಾಗ ಬಿಟ್ಟು, ಇವತ್ತು ಮೊದಲ್ನೇ ಸಲ ಆ ಕಡೆಯೋರ ಮಧ್ಯೆ ಕೂತಿದ್ದೆ, ಕೋಚ್. ಮಗ ಗೆದ್ದ. ಚಪ್ಪಾಳೆ ಹೊಡೆಯೋಕೆ ಕೈ ಏಳ್ಲಿಲ್ಲ.”

ಗಾಳಿ ಒತ್ತಿ ಹಿಡಿದಿದ್ದ ಬಾಗಿಲನ್ನು ಇಬ್ಬರೂ ಹೆಗಲು ಕೊಟ್ಟು ತಳ್ಳಿ, ತಲೆ ತಗ್ಗಿಸಿ ಹೊರಗೆ ನಡೆದರು.